ಸಕ್ಕರೆಗೆ ಬದಲೇನು? ಮನೆಯ ಬೇಕಿಂಗ್ ಕುರಿತು ಕೆಲವು ಮಾತು

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನೀರು, ಮಣ್ಣುಗಳ ಕುರಿತು ಮಾತನಾಡುವ ಈ ವೇದಿಕೆಯಲ್ಲಿ ಕೇಕು-ಬಿಸ್ಕತ್ತುಗಳ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಹಳ್ಳಿಯ ಮನೆಗಳಿಗೂ ವಿದ್ಯುತ್ ಓವನ್ ಬಂದಿದೆ. ಅದಿಲ್ಲದವರು ಕುಕ್ಕರಿನ ತಳಕ್ಕೆ ಉಪ್ಪನ್ನೋ ಮರಳನ್ನೋ ಹರಡಿ ಕೇಕು ಬೇಯಿಸುವುದನ್ನು ಕಲಿತಿದ್ದಾರೆ. ಸ್ವಸಹಾಯ ಸಂಘಗಳ ಮಹಿಳೆಯರು ರಾಗಿ ಬಿಸ್ಕತ್ತು, ಬಾಳೆಹಣ್ಣಿನ ಕೇಕುಗಳನ್ನು ಮಾಡಿ ಮಾರುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಆ ಪೊಟ್ಟಣಗಳ ಮೇಲೆ ‘ಸಕ್ಕರೆರಹಿತ’, ‘ಬೆಲ್ಲದ್ದು, ಮಧುಮೇಹಿಗಳೂ ತಿನ್ನಬಹುದು’ ಎಂಬ ಬರಹಗಳೂ ಕಾಣಿಸಿಕೊಳ್ಳುತ್ತಿವೆ. ಇಂಥ ಮಾತನ್ನು ನಂಬಿ ಒಬ್ಬ ಹಿರಿಯರು ದಿನಕ್ಕೆ ನಾಲ್ಕು ತುಂಡು ಕೇಕು ತಿಂದರೆ ಆಗುವ ಹಾನಿ ಚಿಕ್ಕದಲ್ಲ. ಆದ್ದರಿಂದ ಬೆಲ್ಲ, ಜೇನು, ಹಣ್ಣುಗಳು ಸಕ್ಕರೆಯ ಬದಲು ನಿಜವಾಗಿ ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಬೇಕಿಂಗ್ ನಮಗೆ ಹೊಸದಲ್ಲ

ಕೇಕು ಎಂಬ ಹೆಸರು ಹೊರಗಿನದಿರಬಹುದು. ಒಣ ಶಾಖದಲ್ಲಿ ಹಿಟ್ಟನ್ನು ಬೇಯಿಸುವ ವಿದ್ಯೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಕರಾವಳಿಯ ಕೊಂಕಣಿ ಮನೆಗಳ ತವಸಳಿಯನ್ನು ನೋಡಿ. ಅಕ್ಕಿಯ ತರಿ, ತುರಿದ ಸೌತೆಕಾಯಿ, ತೆಂಗಿನ ತುರಿ, ಬೆಲ್ಲಗಳನ್ನು ಕಲಸಿ ಪಾತ್ರೆಗೆ ಸುರಿದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವ ತಿನಿಸು ಅದು. ಇಂದಿನ ಓವನ್ ಮಾಡುವುದೂ ಇದನ್ನೇ. ನಮ್ಮ ಘಟ್ಟದ ಮೇಲಿನ ತೊಡೆದೇವು ಇನ್ನೂ ಸೂಕ್ಷ್ಮವಾದುದು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು, ಉರಿಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಬಟ್ಟೆಯಿಂದ ತೆಳ್ಳಗೆ ತೊಡೆದು, ಕಾಗದದಂತೆ ಎಬ್ಬಿಸಿ ಮಡಚುತ್ತಾರೆ. ಅಲ್ಲಿ ಬಿಳಿ ಸಕ್ಕರೆಯ ಒಂದು ಕಾಳೂ ಬೇಕಾಗುವುದಿಲ್ಲ.

ಈ ಎರಡು ತಿನಿಸುಗಳಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಇವು ನಿತ್ಯದ ತಿಂಡಿಗಳಲ್ಲ. ಸೌತೆಕಾಯಿಯ ಕಾಲಕ್ಕೆ ತವಸಳಿ, ಆಲೆಮನೆಯ ಕಾಲಕ್ಕೆ ತೊಡೆದೇವು. ಸಿಹಿಗೆ ಒಂದು ಋತುವಿತ್ತು, ಒಂದು ನೆಪವಿತ್ತು. ಇಂದು ನಾವು ಕಳೆದುಕೊಂಡಿರುವುದು ಬೆಲ್ಲವನ್ನಷ್ಟೇ ಅಲ್ಲ, ಆ ಮಿತಿಯನ್ನೂ ಕಳೆದುಕೊಂಡಿದ್ದೇವೆ.

ಸಕ್ಕರೆ ಮತ್ತು ಬೆಲ್ಲ: ವ್ಯತ್ಯಾಸ ಎಷ್ಟು?

ಸಂಸ್ಕರಿಸಿದ ಬಿಳಿ ಸಕ್ಕರೆಯಲ್ಲಿ ಶೇ. 99ಕ್ಕಿಂತ ಹೆಚ್ಚು ಭಾಗ ಸುಕ್ರೋಸ್ ಎಂಬ ಒಂದೇ ವಸ್ತು. ನಮ್ಮ ದೇಶದ ಹೆಚ್ಚಿನ ಕಾರ್ಖಾನೆಗಳು ಕಬ್ಬಿನ ರಸವನ್ನು ಸುಣ್ಣ ಮತ್ತು ಗಂಧಕದ ಡೈಆಕ್ಸೈಡ್ ಬಳಸಿ ತಿಳಿಗೊಳಿಸಿ, ಹರಳುಗಟ್ಟಿಸಿ, ಕಾಕಂಬಿಯನ್ನು ಬೇರ್ಪಡಿಸುತ್ತವೆ. ರಸದಲ್ಲಿದ್ದ ಖನಿಜ, ಬಣ್ಣ, ಪರಿಮಳಗಳೆಲ್ಲ ಕಾಕಂಬಿಯೊಂದಿಗೆ ಹೊರಟುಹೋಗುತ್ತವೆ. ಬೆಲ್ಲದಲ್ಲಿ ಹಾಗಲ್ಲ. ರಸವನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ನೀರನ್ನು ಮಾತ್ರ ಆರಿಸುತ್ತೇವೆ. ಆದ್ದರಿಂದ ಅಚ್ಚು ಬೆಲ್ಲದಲ್ಲಿ ಸುಕ್ರೋಸಿನ ಜೊತೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳು, ಸ್ವಲ್ಪ ತೇವ, ಅಲ್ಪ ಪ್ರಮಾಣದಲ್ಲಿ ಕಬ್ಬಿಣ, ಪೊಟ್ಯಾಸಿಯಂ, ಮೆಗ್ನೀಸಿಯಂ ಮುಂತಾದ ಖನಿಜಗಳು ಉಳಿಯುತ್ತವೆ.

ಆದರೆ ಈ ‘ಅಲ್ಪ ಪ್ರಮಾಣ’ ಎಂಬ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಬೆಲ್ಲದಲ್ಲಿರುವ ಎಲ್ಲ ಖನಿಜಗಳನ್ನು ಒಟ್ಟುಗೂಡಿಸಿದರೂ ನೂರು ಗ್ರಾಂಗೆ ಒಂದು ಗ್ರಾಮಿನ ಆಸುಪಾಸು. ಉಳಿದ ಬಹುಭಾಗ ಸಕ್ಕರೆಯೇ. ನೂರು ಗ್ರಾಂ ಸಕ್ಕರೆಯಿಂದ ಸುಮಾರು 400 ಕಿಲೋಕ್ಯಾಲೊರಿ ಶಕ್ತಿ ದೊರೆತರೆ, ಅಷ್ಟೇ ಬೆಲ್ಲದಿಂದ ಸುಮಾರು 380, ಜೇನುತುಪ್ಪದಿಂದ ಸುಮಾರು 320 ದೊರೆಯುತ್ತದೆ. ಜೇನಿನಲ್ಲಿ ಕಡಿಮೆಯಿರುವುದು ಅದರಲ್ಲಿ ನೀರಿರುವ ಕಾರಣದಿಂದ. ಕಬ್ಬಿಣದ ಕೊರತೆ ನೀಗಬೇಕಾದರೆ ಸೊಪ್ಪು, ಕಾಳು, ರಾಗಿಗಳನ್ನು ತಿನ್ನಬೇಕು. ಬೆಲ್ಲವನ್ನು ಔಷಧವೆಂದು ಭಾವಿಸಬಾರದು.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗದರ್ಶಿಯಲ್ಲಿ ಅಡುಗೆಗೆ ಸೇರಿಸಿದ ಸಕ್ಕರೆ, ಜೇನು, ಪಾಕ, ಹಣ್ಣಿನ ರಸಗಳಲ್ಲಿರುವ ಸಕ್ಕರೆಯನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದೆ. ಇವೆಲ್ಲ ಸೇರಿ ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳಿತು ಎಂಬುದು ಅದರ ಸಲಹೆ. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದ ವ್ಯಕ್ತಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ನಾವು ಹಿಟ್ಟಿಗೆ ಸೇರಿಸುವ ಬೆಲ್ಲವೂ ಈ ಲೆಕ್ಕದ ಒಳಗೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಇದು ಪಟ್ಟಣದವರ ರೋಗ, ನಮಗಲ್ಲ ಎಂದು ಹಳ್ಳಿಯವರು ಸುಮ್ಮನಿರುವ ಕಾಲ ಕಳೆದುಹೋಗಿದೆ.

‘ಸಕ್ಕರೆರಹಿತ’ ಎಂಬ ಪದಕ್ಕೆ ಕಾನೂನಿನಲ್ಲೂ ಅರ್ಥವಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಂತೆ, ನೂರು ಗ್ರಾಂ ಘನ ಆಹಾರದಲ್ಲಿ ಸಕ್ಕರೆಗಳು ಅರ್ಧ ಗ್ರಾಮನ್ನು ಮೀರದಿದ್ದರೆ ಮಾತ್ರ ಆ ಪದವನ್ನು ಬಳಸಬಹುದು. ಬೆಲ್ಲದ ಕೇಕು ಆ ಮಿತಿಯ ಹತ್ತಿರವೂ ಸುಳಿಯದು. ಆದುದರಿಂದ ನಮ್ಮ ಸಂಘಗಳು ‘ಬೆಲ್ಲದಿಂದ ಮಾಡಿದ್ದು’ ಎಂದು ಬರೆಯಲಿ. ‘ಸಕ್ಕರೆರಹಿತ’ ಎಂದು ಬರೆಯುವುದು ಬೇಡ. ಮೊದಲನೆಯದು ಸತ್ಯ, ಎರಡನೆಯದು ತಿನ್ನುವವರಿಗೆ ಮಾಡುವ ಮೋಸ.

ಹಾಗಾದರೆ ಬೆಲ್ಲ ಏಕೆ? ಮೂರು ಕಾರಣಗಳಿವೆ. ಒಂದು, ಅದಕ್ಕೆ ಸಿಹಿಯ ಜೊತೆ ಪರಿಮಳವೂ ಇರುವುದರಿಂದ ಕಡಿಮೆ ಹಾಕಿದರೂ ನಾಲಿಗೆಗೆ ತೃಪ್ತಿಯಾಗುತ್ತದೆ. ಎರಡು, ಅದು ಎಲ್ಲಿ, ಯಾರ ಕೈಯಿಂದ, ಹೇಗೆ ತಯಾರಾಯಿತೆಂದು ನಾವು ಹೋಗಿ ನೋಡಿ ತಿಳಿಯಬಹುದು. ಮೂರು, ಅದರ ಹಣ ಊರಿನಲ್ಲೇ ಉಳಿಯುತ್ತದೆ. ಈ ಮೂರೂ ಕಾರಣಗಳು ನಿಜವಾಗಬೇಕಾದರೆ ಬೆಲ್ಲ ಒಳ್ಳೆಯದಿರಬೇಕು.

ಯಾವ ಬೆಲ್ಲ?

ಅಂಗಡಿಯಲ್ಲಿ ಚಿನ್ನದ ಬಣ್ಣದ ಬೆಲ್ಲಕ್ಕೆ ಬೇಡಿಕೆ ಹೆಚ್ಚು. ಆ ಬಣ್ಣ ಬರಿಸಲು ಹಲವೆಡೆ ರಸಕ್ಕೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ. ಆಲೆಮನೆಗಳಲ್ಲಿ ಅದನ್ನು ‘ಹೈಡ್ರೋಸ್’ ಎನ್ನುವರು. ಇದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಉಬ್ಬಸವುಳ್ಳವರಲ್ಲಿ ಕೆಲವರಿಗೆ ಇದು ತೊಂದರೆ ಕೊಡಬಲ್ಲುದು. ಹೀಗೆ ಬಂದ ಬಣ್ಣ ನಿಲ್ಲುವುದೂ ಇಲ್ಲ, ಕೆಲಕಾಲದಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಸಕ್ಕರೆಯ ದರ ಇಳಿದಾಗ ಅದನ್ನೇ ಕರಗಿಸಿ ಬೆಲ್ಲಕ್ಕೆ ಬೆರೆಸುವ ಪರಿಪಾಠವೂ ಕೆಲವೆಡೆ ಇದೆ. ಸಕ್ಕರೆ ಬೇಡವೆಂದು ಅಂಥ ಬೆಲ್ಲವನ್ನು ಹೆಚ್ಚಿನ ಬೆಲೆಗೆ ಕೊಂಡರೆ ನಾವು ಕೊಂಡದ್ದು ಸಕ್ಕರೆಯನ್ನೇ.

ರಸವನ್ನು ತಿಳಿಗೊಳಿಸಲು ರಾಸಾಯನಿಕ ಬೇಕೇಬೇಕೆಂದಿಲ್ಲ. ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಹಿಸುಕಿದಾಗ ಬರುವ ಲೋಳೆ ಕುದಿಯುವ ರಸದ ಕಶ್ಮಲವನ್ನು ಹಿಡಿದು ಮೇಲಕ್ಕೆ ತರುತ್ತದೆ; ಅದನ್ನು ತೆಗೆದುಹಾಕಿದರಾಯಿತು. ಹೀಗೆ ತಯಾರಾದ ಬೆಲ್ಲ ಕಂದು ಬಣ್ಣದ್ದಾಗಿರುತ್ತದೆ. ಬಣ್ಣ ಗಾಢವಾದಷ್ಟೂ ಕೀಳು ಎಂಬ ಭಾವನೆಯನ್ನು ಕೊಳ್ಳುವ ನಾವು ಬಿಡದೆ, ಮಾಡುವವರು ಹೈಡ್ರೋಸ್ ಬಿಡಲಾರರು.

ನಮ್ಮ ಶಿರಸಿ, ಸಿದ್ದಾಪುರ, ಸಾಗರ ಭಾಗದವರಿಗೆ ಜೋನಿ ಬೆಲ್ಲವನ್ನು ಪರಿಚಯಿಸಬೇಕಾಗಿಲ್ಲ. ಅಚ್ಚು ಬೆಲ್ಲಕ್ಕೆ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಜೋನಿ ಬೆಲ್ಲವನ್ನು ಸುಮಾರು 105 ಡಿಗ್ರಿಯಲ್ಲೇ ಇಳಿಸುತ್ತಾರೆ. ಮಳೆಗಾಲದಲ್ಲಿ ಅಚ್ಚು ಬೆಲ್ಲ ಗಾಳಿಯ ತೇವವನ್ನು ಹೀರಿ ನೀರೊಡೆಯುವ ನಮ್ಮ ಹವೆಗೆ ಈ ದ್ರವರೂಪವೇ ಹೊಂದುತ್ತದೆ. ಇದರಲ್ಲಿ ಮೂರನೆಯ ಒಂದು ಭಾಗದಷ್ಟು ನೀರು ಇರುತ್ತದೆ. ಬೇಕಿಂಗ್‌ಗೆ ಇದು ಬಹಳ ಅನುಕೂಲ: ಕರಗಿಸುವ, ಸೋಸುವ ಕೆಲಸವಿಲ್ಲ, ಕೇಕು ಬೇಗ ಒಣಗುವುದಿಲ್ಲ.

ಪರಿಸರದ ಮಾತನ್ನೂ ಇಲ್ಲಿ ಹೇಳಬೇಕು. ಬೆಲ್ಲವೂ ಕಬ್ಬಿನಿಂದಲೇ ಬರುವುದು. ಕಬ್ಬು ನೀರು ಹೆಚ್ಚು ಬೇಡುವ ಬೆಳೆಯೆಂಬುದು ಬೆಲ್ಲಕ್ಕೂ ಅನ್ವಯಿಸುತ್ತದೆ. ಕೊಪ್ಪರಿಗೆಯ ಅಡಿಯಲ್ಲಿ ಉರಿಯುವುದು ಒಣಗಿಸಿದ ಕಬ್ಬಿನ ಸಿಪ್ಪೆಯೋ, ಬೆಟ್ಟದಿಂದ ಕಡಿದು ತಂದ ಹಸಿ ಮರವೋ ಎಂದೂ ಕೇಳಬೇಕು. ಸಿಪ್ಪೆಯಿಂದಲೇ ಉರಿ ಸಾಲುವಂತೆ ಒಲೆಯನ್ನು ಕಟ್ಟಿಕೊಂಡ ಆಲೆಮನೆಯ ಬೆಲ್ಲ ಕಾಡಿನ ಮಿತ್ರ. ಮರ ಸುಟ್ಟು ಮಾಡಿದ ಬೆಲ್ಲವನ್ನು ‘ನೈಸರ್ಗಿಕ’ ಎಂದು ಕರೆಯಲು ನನಗೆ ನಾಲಿಗೆ ಏಳದು.

ಜೇನು: ಓವನ್ನಿಗಿಂತ ಬಟ್ಟಲಿಗೆ ಮೇಲು

ಜೇನುತುಪ್ಪದಲ್ಲಿ ಫ್ರಕ್ಟೋಸ್ ಹೆಚ್ಚಿರುವುದರಿಂದ ಅದು ಸಕ್ಕರೆಗಿಂತ ಸಿಹಿ. ಕೇಕನ್ನು ಮೆತ್ತಗಿಡುವ ಗುಣವೂ ಅದಕ್ಕಿದೆ. ಆದರೂ ಬೇಕಿಂಗ್‌ಗೆ ಅದನ್ನು ನಾನು ಸೂಚಿಸುವುದಿಲ್ಲ. ಬಿಸಿಗೆ ಅದರ ಕಿಣ್ವಗಳೂ ಸೂಕ್ಷ್ಮ ಪರಿಮಳವೂ ನಾಶವಾಗಿ ಉಳಿಯುವುದು ಬರಿಯ ಸಿಹಿ. ಜೇನನ್ನು ಕಾಯಿಸಬಾರದೆಂದು ಆಯುರ್ವೇದವೂ ಹೇಳುತ್ತದೆ. ಒಂದು ಎಚ್ಚರಿಕೆಯನ್ನು ತಾಯಂದಿರು ಗಮನಿಸಬೇಕು: ಒಂದು ವರ್ಷ ತುಂಬದ ಮಗುವಿಗೆ ಜೇನನ್ನಾಗಲಿ, ಜೇನು ಹಾಕಿ ಬೇಯಿಸಿದ ತಿನಿಸನ್ನಾಗಲಿ ಕೊಡಬಾರದು. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಾಣುಗಳು ಕೇಕಿನ ಒಳಗಿನ ಶಾಖಕ್ಕೆ ಸಾಯುವುದಿಲ್ಲ.

ಕೊಳ್ಳುವ ಜೇನಿನ ವಿಷಯದಲ್ಲೂ ಜಾಗರೂಕತೆ ಬೇಕು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ತನಿಖೆಯಲ್ಲಿ 13 ಬ್ರಾಂಡುಗಳ ಪೈಕಿ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು ಮೂರು ಮಾತ್ರ. ಇನ್ನು ನಮ್ಮ ಕಾಡಿನ ಜೇನು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಹಬ್ಬಿ ದಕ್ಷಿಣದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದುದನ್ನು ಹಿರಿಯ ಜೇನು ಸಾಕಣೆದಾರರು ಇನ್ನೂ ಮರೆತಿಲ್ಲ. ಏಲಕ್ಕಿ, ಕಾಫಿ, ಕಾಡಿನ ನೂರಾರು ಮರಗಳ ಪರಾಗಸ್ಪರ್ಶಕ್ಕೆ ಜೇನುಹುಳು ಬೇಕು. ಹುಳುಗಳನ್ನು ಸುಟ್ಟು, ಮರಿಗಳಿರುವ ಎರಿಯನ್ನೂ ಹಿಂಡಿ ತಂದ ಜೇನನ್ನು ಕೇಕಿಗೆ ಸುರಿಯುವುದು ಎರಡು ಬಗೆಯ ನಷ್ಟ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ಜೇನನ್ನು ಒಂದು ಚಮಚ, ತಣಿದ ತಿನಿಸಿನ ಮೇಲೆ ಸವರಿ ತಿನ್ನಿ. ಅದರ ರುಚಿ ತಿಳಿಯುವುದು ಹಾಗೆಯೇ.

ಹಣ್ಣುಗಳು: ನಿಜವಾದ ಬದಲಿ

ನನ್ನ ದೃಷ್ಟಿಯಲ್ಲಿ ಸಕ್ಕರೆಗೆ ಅತ್ಯುತ್ತಮ ಬದಲಿ ಹಿತ್ತಿಲಿನ ಹಣ್ಣು. ಬಾಳೆಕಾಯಿ ಬಲಿತಾಗ ಅದರಲ್ಲಿ ಶೇ. 20ರಷ್ಟು ಪಿಷ್ಟವಿರುತ್ತದೆ, ಪೂರ್ತಿ ಹಣ್ಣಾಗುವಷ್ಟರಲ್ಲಿ ಅದರ ಹೆಚ್ಚಿನ ಪಾಲು ಸಕ್ಕರೆಯಾಗಿ ಮಾರ್ಪಡುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳೆದ್ದು, ಪೇಟೆಯಲ್ಲಿ ಯಾರೂ ಕೊಳ್ಳದ ಹಣ್ಣೇ ಕೇಕಿಗೆ ಶ್ರೇಷ್ಠ. ಅಂಬಲಿ ಹಲಸಿನ ತೊಳೆಗಳೂ ಹಾಗೆಯೇ. ನಮ್ಮ ಹಲಸು ಪ್ರತಿ ಮಳೆಗಾಲದಲ್ಲೂ ಮರದಡಿ ಬಿದ್ದು ಕೊಳೆಯುವುದನ್ನು ಕಾಣುತ್ತೇವೆ. ಅದೇ ಹೊತ್ತಿಗೆ ಅಂಗಡಿಯಿಂದ ಸಕ್ಕರೆ ತರುತ್ತೇವೆ. ಹಲಸಿನ ಹಣ್ಣಿನ ಕಡುಬು ಮಾಡಬಲ್ಲವರಿಗೆ ಹಲಸಿನ ಕೇಕು ಮಾಡುವುದು ಕಷ್ಟವಲ್ಲ.

ಹಣ್ಣಿನಲ್ಲಿ ಸಕ್ಕರೆಯೊಡನೆ ನಾರು ಮತ್ತು ನೀರು ಇರುವುದರಿಂದ ಬೇಗ ಹೊಟ್ಟೆ ತುಂಬುತ್ತದೆ. ತಿರುಳನ್ನು ಕೈಯಲ್ಲಿ ಕಿವುಚಿ ಹಾಗೆಯೇ ಬಳಸಿ. ರಸ ಸೋಸಿ ನಾರನ್ನು ಎಸೆದರೆ ಉಳಿಯುವುದು ಸಕ್ಕರೆ ನೀರು. ಖರ್ಜೂರವೂ ಒಳ್ಳೆಯದೇ. ಆದರೆ ಅದರ ತೂಕದ ಮೂರನೆಯ ಎರಡರಷ್ಟು ಸಕ್ಕರೆಯೆಂಬುದನ್ನೂ, ಬಹುಮಟ್ಟಿಗೆ ಅದು ದೂರದಿಂದ ಬರುವುದೆಂಬುದನ್ನೂ ಮರೆಯಬಾರದು.

ಕೆಲವರು ಸ್ಟೀವಿಯಾ ಎಲೆಯ ಕುರಿತು ಕೇಳುತ್ತಾರೆ. ಅದರಿಂದ ಬೇರ್ಪಡಿಸಿದ ಅಂಶ ಸಕ್ಕರೆಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಸಿಹಿ. ಆದರೆ ಅದು ಕೇಕಿಗೆ ಗಾತ್ರವನ್ನಾಗಲಿ, ಮೃದುತ್ವವನ್ನಾಗಲಿ, ಕಂದು ಬಣ್ಣವನ್ನಾಗಲಿ ಕೊಡದು. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಸಿಹಿಯ ಚಪಲವನ್ನು ಹಾಗೆಯೇ ಉಳಿಸಿಕೊಂಡು ಪದಾರ್ಥವನ್ನಷ್ಟೇ ಬದಲಿಸುವುದರಿಂದ ಸಮಸ್ಯೆ ಬಗೆಹರಿಯದು.

ಒಲೆಯ ಮುಂದೆ ನೆನಪಿಡಬೇಕಾದವು

ವಿದ್ಯಾರ್ಥಿಗಳು ಇದನ್ನು ರಸಾಯನಶಾಸ್ತ್ರದ ಪಾಠವೆಂದೇ ತಿಳಿಯಬಹುದು. ಕೇಕಿನಲ್ಲಿ ಸಕ್ಕರೆಯ ಕೆಲಸ ಸಿಹಿ ಮಾತ್ರವಲ್ಲ. ಬೆಣ್ಣೆಯೊಡನೆ ಸಕ್ಕರೆಯ ಹರಳುಗಳನ್ನು ತಿಕ್ಕಿದಾಗ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಸಕ್ಕರೆ ನೀರನ್ನು ಹಿಡಿದಿಟ್ಟು ತಿರುಳನ್ನು ಮೃದುವಾಗಿಡುತ್ತದೆ. ಮೇಲ್ಮೈಗೆ ಕಂದು ಬಣ್ಣ ತರುತ್ತದೆ. ಬೆಲ್ಲ ಹಾಕಿದಾಗ ಈ ಲೆಕ್ಕಗಳು ಬದಲಾಗುತ್ತವೆ.

ಮೊದಲನೆಯದು ನೀರು. ಜೋನಿ ಬೆಲ್ಲವೋ ಹಣ್ಣೋ ತನ್ನೊಡನೆ ನೀರನ್ನು ತರುವುದರಿಂದ ಹಾಲು ಅಥವಾ ಮಜ್ಜಿಗೆಯನ್ನು ಅಷ್ಟು ಕಡಿಮೆ ಮಾಡಬೇಕು. ಎರಡನೆಯದು ಹುಳಿ. ಬೆಲ್ಲಕ್ಕೆ ಸ್ವಲ್ಪ ಆಮ್ಲಗುಣವಿದೆ. ಆದ್ದರಿಂದ ಅಡುಗೆ ಸೋಡಾ ಅದರೊಡನೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಾಕಕ್ಕೆ ಗಾಳಿ ಹಿಡಿಯುವ ಹರಳುಗಳಿಲ್ಲದ ಕೊರತೆಯನ್ನು ಸೋಡಾ ತುಂಬುತ್ತದೆ. ಸೋಡಾ ಬೆರೆಸಿದ ಮೇಲೆ ಹಿಟ್ಟನ್ನು ಕಾಯಿಸದೆ ಕೂಡಲೇ ಒಲೆಗಿಡಬೇಕು. ಮೂರನೆಯದು ಶಾಖ. ಬೆಲ್ಲದ ಗ್ಲೂಕೋಸ್-ಫ್ರಕ್ಟೋಸ್‌ಗಳು ಬೇಗ ಕಂದಾಗುವುದರಿಂದ ಉರಿಯನ್ನು ಹತ್ತು-ಹದಿನೈದು ಡಿಗ್ರಿ ತಗ್ಗಿಸಬೇಕು. ಇಲ್ಲವಾದರೆ ಮೇಲೆ ಕರಿದು, ಒಳಗೆ ಹಸಿಯಾಗಿ ಉಳಿಯುತ್ತದೆ.

ಒಂದು ಅಳತೆಯನ್ನು ಹೇಳುತ್ತೇನೆ, ಬರೆದುಕೊಳ್ಳಿ. ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಕಿವುಚಿದ ಕಳಿತ ಬಾಳೆಹಣ್ಣು 200 ಗ್ರಾಂ, ಜೋನಿ ಬೆಲ್ಲ 100 ಗ್ರಾಂ, ತುಪ್ಪ ಅಥವಾ ಕೊಬ್ಬರಿ ಎಣ್ಣೆ 60 ಗ್ರಾಂ, ಮೊಸರು 60 ಗ್ರಾಂ, ಅಡುಗೆ ಸೋಡಾ ಮುಕ್ಕಾಲು ಚಿಕ್ಕ ಚಮಚ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಹಿಟ್ಟು, ಸೋಡಾ, ಉಪ್ಪುಗಳನ್ನು ಒಟ್ಟಿಗೆ ಜರಡಿ ಹಿಡಿದು, ದ್ರವಗಳನ್ನು ಬೇರೆಯಾಗಿ ಕಲಸಿ, ಎರಡನ್ನೂ ಹಗುರವಾಗಿ ಬೆರೆಸಿ, ತುಪ್ಪ ಸವರಿದ ಪಾತ್ರೆಗೆ ಸುರಿಯಿರಿ. ಓವನ್ನಿನಲ್ಲಾದರೆ 165 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಕುಕ್ಕರಿನಲ್ಲಾದರೆ ಗ್ಯಾಸ್ಕೆಟ್ ಮತ್ತು ಸೀಟಿಗಳನ್ನು ತಪ್ಪದೆ ತೆಗೆದು, ಉಪ್ಪಿನ ಹಾಸಿನ ಮೇಲೆ ಸಣ್ಣ ಉರಿಯಲ್ಲಿ ಇನ್ನೂ ಸ್ವಲ್ಪ ಹೊತ್ತು. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ. ಪೂರ್ತಿ ತಣಿದ ಮೇಲೆಯೇ ಕತ್ತರಿಸಿ.

ಈಗ ಲೆಕ್ಕ ಹಾಕೋಣ. ಇಷ್ಟೇ ಹಿಟ್ಟಿನ ಕೇಕಿಗೆ 200 ಗ್ರಾಂ ಸಕ್ಕರೆ ಸುರಿದು ಹತ್ತು ತುಂಡು ಮಾಡಿದರೆ ಒಂದೊಂದರಲ್ಲಿ 20 ಗ್ರಾಂ ಸಕ್ಕರೆ. 25 ಗ್ರಾಮಿನ ಮಿತಿ ಒಂದೇ ತುಂಡಿಗೆ ಬಹುತೇಕ ಮುಗಿಯಿತು. ಅಷ್ಟೇ ತೂಕದ ಅಚ್ಚು ಬೆಲ್ಲ ಹಾಕಿದರೆ ಆ ಸಂಖ್ಯೆ ಹೆಚ್ಚೇನೂ ಇಳಿಯದು. ನಾನು ಹೇಳಿದ ಅಳತೆಯಲ್ಲಿ ಬೆಲ್ಲದಿಂದ ಬರುವುದು ತುಂಡಿಗೆ ಆರೂವರೆ ಗ್ರಾಂ, ಬಾಳೆಹಣ್ಣಿನದು ಮೂರು-ನಾಲ್ಕು ಗ್ರಾಂ. ವ್ಯತ್ಯಾಸ ಬಂದದ್ದು ಬೆಲ್ಲದ ಮಹಿಮೆಯಿಂದಲ್ಲ. ಸಿಹಿಯನ್ನೇ ಕಡಿಮೆ ಮಾಡಿ ಉಳಿದುದನ್ನು ಹಣ್ಣಿಗೆ ಒಪ್ಪಿಸಿದ್ದರಿಂದ. ಮಧುಮೇಹಿಗಳಿಗೆ ಇದೂ ಸಿಹಿಯೇ, ಹಿಟ್ಟಿನ ಪಿಷ್ಟವೂ ಲೆಕ್ಕಕ್ಕೆ ಬರುತ್ತದೆ. ಅವರು ವೈದ್ಯರ ಮಾತಿನಂತೆ ನಡೆಯಬೇಕು.

ಬಂಧುಗಳೇ, ‘ನೈಸರ್ಗಿಕ’ ಎಂಬುದು ಪೊಟ್ಟಣದ ಮೇಲೆ ಅಂಟಿಸುವ ಚೀಟಿಯಲ್ಲ. ಅದು ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕೊಡಬಲ್ಲ ಸ್ಥಿತಿ: ಇದು ಎಲ್ಲಿಂದ ಬಂತು? ಹೇಗೆ ತಯಾರಾಯಿತು? ಎಷ್ಟು ಹಾಕಿದೆ? ಮಹಿಳಾ ಸಂಘಗಳು ಈ ಮೂರನ್ನೂ ತಮ್ಮ ಪೊಟ್ಟಣಗಳ ಮೇಲೆ ಬರೆಯಲಿ. ವಿದ್ಯಾರ್ಥಿಗಳು ಈ ಹಂಗಾಮಿನಲ್ಲಿ ಹತ್ತಿರದ ಆಲೆಮನೆಗೆ ಹೋಗಿ ರಸಕ್ಕೆ ಏನು ಹಾಕುತ್ತಾರೆ, ಒಲೆಗೆ ಏನು ಉರಿಸುತ್ತಾರೆ ಎಂದು ನೋಡಿ ಬರೆದುಕೊಂಡು ಬರಲಿ. ಹೈಡ್ರೋಸ್ ಇಲ್ಲದೆ ಬೆಲ್ಲ ಮಾಡುವ ರೈತರಿಗೆ ನಾವು ನಾಲ್ಕು ರೂಪಾಯಿ ಹೆಚ್ಚು ಕೊಡೋಣ, ಮನೆಯಲ್ಲಿ ನಾಲ್ಕು ಚಮಚ ಕಡಿಮೆ ಬಳಸೋಣ. ಹಾಗೆ ಮಾಡಿದರೆ ಮಕ್ಕಳ ಆರೋಗ್ಯ, ಬೆಟ್ಟದ ಮರ, ಊರಿನ ಆಲೆಮನೆ ಮೂರಕ್ಕೂ ಅದರಿಂದ ನೆರವಾಗುತ್ತದೆ.